ಒದ್ದೆ ಗೋಣಿಯ ಕರೆಂಟು

ನೀವು ನಂಬಲ್ಲ, ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಮದರಾಸಿನ ಪಲ್ಲಾವರಂನ ಒಂದು ಲಾಂಡ್ರಿಯಲ್ಲಿ ಸುಮ್ಮನೆ ಹೋಗುತ್ತಿದ್ದ ಬಿಸಿಯಿಂದ ದೀಪ ಉರಿಸಿದವನು ನಾನು.

ನಾನು ಹೆಲ್ಪರ್ ಆಗಿದ್ದ ಕಂಪನಿಯ ಸೆಲ್ ಅಂದರೆ ಉಪ್ಪಿನ ದ್ರಾವಣ ತುಂಬಿದ ಚಪ್ಪಟೆ ಡಬ್ಬಿ. ಒಂದು ಬದಿ ಬಿಸಿಯಾಗಿ, ಇನ್ನೊಂದು ತಣ್ಣಗಿದ್ದರೆ ಮಾತ್ರ ಕರೆಂಟು. ಲಾಂಡ್ರಿಯ ಹಬೆಯ ಪೈಪಿಗೆ ಕಟ್ಟಿದರೆ ಸ್ವಲ್ಪ ಹೊತ್ತಿಗೇ ಎರಡೂ ಬದಿ ಕಾದು ದೀಪ ಆರುತ್ತಿತ್ತು. ಪಿಎಚ್‌ಡಿ ಮಾಡಿದವರೆಲ್ಲ ವಾರಗಟ್ಟಲೆ ತಲೆ ಕೆರೆದುಕೊಂಡರು. ನಾನು ಹೊರಬದಿಗೆ ಒದ್ದೆ ಗೋಣಿ ಸುತ್ತಿದೆ.

“ಏನಪ್ಪಾ, ಇದೇನು ಕೋಯಂಬೇಡು ತರಕಾರಿ ಮಂಡಿಯಾ?” ಎಂದರು ಮ್ಯಾನೇಜರ್ ವರದನ್ ಸಾರ್, ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು.

“ದೀಪ ನೋಡಿ ಸಾರ್, ಆಮೇಲೆ ಬೈಯಿರಿ.”

ಸಂಜೆಯಾದರೂ ದೀಪ ಆರಲಿಲ್ಲ. ಸಾರ್ ಬಾಯಿ ಬಿಟ್ಟುಕೊಂಡು ನಿಂತಿದ್ದರು. ನಾನು ಬಿಡುತ್ತೇನೆಯೇ? “ಬೇಸಿಗೆಯಲ್ಲಿ ನೀರಿನ ಹರವಿಗೆ ಹೀಗೇ ಸುತ್ತುತ್ತೀವಿ. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು ಸಾರ್,” ಎಂದೆ.

ಪೇಟೆಂಟಿಗೆ ಅರ್ಜಿ ಹೋಯಿತು. ಅದರಲ್ಲಿ ನನ್ನ ಗೋಣಿ ‘ತೇವಭರಿತ ನಾರಿನ ಹೊದಿಕೆ’ ಆಗಿತ್ತು. ಕಂಡುಹಿಡಿದವರ ಹೆಸರುಗಳು ನಾಲ್ಕಿದ್ದವು, ನನ್ನದಿರಲಿಲ್ಲ. ಅಷ್ಟರಲ್ಲಿ ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡಿದ್ದೆ. ನೇರವಾಗಿ ಹೋಗಿ ಕೇಳಿದೆ.

“ನಿಮ್ಮೂರ ಮಕ್ಕಳಿಗೂ ಗೊತ್ತಿರೋದಕ್ಕೆ ನಿನ್ನ ಹೆಸರು ಯಾಕಪ್ಪಾ?” ಎಂದರು ಸಾರ್, ನಗದೆ.

ಮಾತು ನನ್ನದೇ, ನುಂಗಿಕೊಂಡೆ. ಕೊನೆಗೆ ನನಗೂ ಒಂದು ಕೊಟ್ಟರು: ಗೋಣಿ ಒಣಗದಂತೆ ನೀರು ಹಾಕಲು ಒಂದು ಪ್ಲಾಸ್ಟಿಕ್ ಮಗ್ಗು.