ಸಣ್ಣಬೀರಯ್ಯ ಕೊಯ್ದ ಎರಡನೇ ಚೂರು

ಸಣ್ಣಬೀರಯ್ಯನ ಮೇಲೆ ನಾನು ರೇಗದ ದಿನಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕು. ಹದಿನಾರು ವರ್ಷದಿಂದ ಮೈಸೂರಿನ ಆಸ್ಪತ್ರೆಯೊಂದರ ಒಂದೇ ಕೋಣೆಯಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದೇವೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆತನಿಗೆ ಅದು ಎಲ್ಲಿದೆಯೋ ಇವತ್ತಿಗೂ ಪತ್ತೆಯಾಗಿಲ್ಲ. "ಬೇಗ ಬೀರಯ್ಯ, ಅಲ್ಲಿ ಎದೆ ಬಿಚ್ಚಿಟ್ಕೊಂಡು ಕಾಯ್ತಿದ್ದಾರೆ!" ಎಂದು ನಾನು ಕೂಗಿದರೆ, "ಆಯ್ತು ಬುಡಿ ಮೇಡಂ, ನಾವು ಕೂಗಿದ್ರೆ ಮಂಜು ಬಿರ್ರನೆ ಕಟ್ಬುಡ್ತದಾ?" ಎನ್ನುತ್ತಾನೆ. ಇಂಥ ಮನುಷ್ಯನ ಜೊತೆ ಜಗಳವಾಡುವುದಾದರೂ ಹೇಗೆ ಹೇಳಿ.

ನನ್ನ ಹೆಸರು ಗೌತಮಿ. ನಾನು ಪೆಥಾಲಜಿಸ್ಟ್. ರೋಗಿಯ ಮುಖ ನೋಡದೆ, ಆತನ ಮೈಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಯಾವುದೆಂದು ಹೇಳುವುದು ನನ್ನ ಕೆಲಸ. ಸಾಮಾನ್ಯವಾಗಿ ಆ ಚೂರನ್ನು ಔಷಧಿಯಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೊಯ್ದು, ಬಣ್ಣ ಹಾಕಿ ನೋಡಲು ನಾಲ್ಕು ದಿನ ಬೇಕು. ಆದರೆ ಕೆಲವು ಸಲ ರೋಗಿ ಮೇಜಿನ ಮೇಲೆ ಮಲಗಿರುವಾಗಲೇ ಉತ್ತರ ಬೇಕಾಗುತ್ತದೆ. ಆಗ ಚೂರನ್ನು ಹಸಿಯಾಗಿಯೇ ತಂದು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ತಣ್ಣನೆ ಪೆಟ್ಟಿಗೆಯಲ್ಲಿ ಗಟ್ಟಿ ಮಾಡಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಿಡಿದು ಬಣ್ಣ ಹಾಕಬೇಕು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಓದುವವಳು ನಾನು, ಕೊಯ್ಯುವವನು ಬೀರಯ್ಯ. ಪೊರೆ ಮಡಚಿಕೊಂಡರೆ, ಹರಿದರೆ ನಾನು ಎಷ್ಟು ಓದಿದ್ದರೂ ಕುರುಡಿಯೇ. ಬೀರಯ್ಯ ಕೊಯ್ದರೆ ಮಡಚಿಕೊಳ್ಳುವುದಿಲ್ಲ.

ಆ ಕೈ ಗಾವಡಗೆರೆ ಕಡೆಯ ಹಳ್ಳಿಯದು. ಹೊಗೆಸೊಪ್ಪು ಬೆಳೆಯುವ ಮನೆ. ಆತನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರಂತೆ. ಸಾಕಿದ್ದು ಅಕ್ಕ ಪುಟ್ಟಸಿದ್ದಮ್ಮ. ಆಕೆಗೆ ಆಗ ಒಂಬತ್ತು. ಒಂಬತ್ತು ವರ್ಷದ ಹುಡುಗಿ ಮುದ್ದೆ ತಿರುವಿ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬ್ಯಾರನ್ನಿಗೆ ಹೋಗುತ್ತಿದ್ದಳು. ಬ್ಯಾರನ್ ಎಂದರೆ ಬೆಂಕಿ ಉರಿಸಿ ಸೊಪ್ಪು ಬೇಯಿಸುವ ಎತ್ತರದ ಮನೆ. ಅಲ್ಲಿಯ ಹೊಗೆಯಲ್ಲೇ ತಮ್ಮನಿಗೆ ಅಕ್ಷರ ಕಲಿಸಿದಳು. ತಾನು ಶಾಲೆ ಬಿಟ್ಟು ಅವನನ್ನು ಶಾಲೆಗೆ ಅಟ್ಟಿದಳು. ಆತ ಮೈಸೂರಿಗೆ ಬಂದು ಲ್ಯಾಬ್ ಕೋರ್ಸ್ ಮುಗಿಸಿದ್ದು ಆಕೆಯ ಹಟದಿಂದಲೇ.

ಚಹಾ ಕುಡಿಯುವಾಗಲೆಲ್ಲ ಬೀರಯ್ಯ ಒಂದೇ ಕಥೆ ಹೇಳುತ್ತಿದ್ದ. ಬೆಂದ ಸೊಪ್ಪನ್ನು ಒತ್ತಿ, ಗೋಣಿತಾಟು ಸುತ್ತಿ ಹೊಲಿದು ಹರಾಜಿಗೆ ಒಯ್ಯುತ್ತಾರೆ. ಆ ಮೂಟೆಗೆ ನಮ್ಮ ಕಡೆ ಬೇಲ್ ಅನ್ನುತ್ತಾರೆ. ಒಂದು ವರ್ಷ ಅವರ ಅಪ್ಪ ಸುತ್ತಲೂ ಬಂಗಾರದ ಬಣ್ಣದ ಎಲೆ ಜೋಡಿಸಿ, ನಡುವೆ ಕಪ್ಪಗೆ ಸುಟ್ಟಿದ್ದನ್ನು ತುರುಕಿದ್ದ. ಹನ್ನೆರಡು ವರ್ಷದ ಪುಟ್ಟಸಿದ್ದಮ್ಮ ಹೊಲಿಯುವ ಮೊದಲು ಭುಜದವರೆಗೂ ಕೈ ತೂರಿಸಿ ಆ ಸುಟ್ಟ ಎಲೆಗಳನ್ನೆಲ್ಲ ಎಳೆದು ಅಂಗಳಕ್ಕೆ ಎಸೆದಳಂತೆ. ಸೊಪ್ಪು ಕಟ್ಟುವ ಕಡ್ಡಿಯಲ್ಲೇ ಅಪ್ಪ ಬಾರಿಸಿದ. ಅಳುತ್ತಿದ್ದ ತಮ್ಮನಿಗೆ ಆಕೆ, "ಒಳಕ್ಕೆ ಕೈ ಆಕ್ದೆ ಯಾವತ್ತೂ ಬೇಲ್ ಒಲೀಬ್ಯಾಡ ಕಣ್ಲಾ ಬೀರ" ಎಂದಳಂತೆ. ಈ ಕಥೆಯನ್ನು ನಾನು ನೂರು ಸಲ ಕೇಳಿರಬೇಕು. "ಸಾಕು ಬೀರಯ್ಯ, ನನಗೇ ಬಾಯಿಪಾಠ ಆಗಿದೆ" ಎಂದು ಎಷ್ಟೋ ಸಲ ಎದ್ದು ಹೋಗಿದ್ದೇನೆ.

ಹೋದ ವರ್ಷ ಆ ಅಕ್ಕನೇ ನಮ್ಮ ಆಸ್ಪತ್ರೆಗೆ ಬಂದರು. ಮದುವೆಯಾಗಿ ಹಾರನಹಳ್ಳಿ ಪಕ್ಕದ ಊರಿಗೆ ಹೋಗಿದ್ದವರು. ಐವತ್ತೇಳು ವರ್ಷ. ಇಪ್ಪತ್ತು ವರ್ಷದ ಹಿಂದೆ ಕ್ಷಯ ಬಂದು ವಾಸಿಯಾಗಿತ್ತು. ಈಗ ಮತ್ತೆ ಕೆಮ್ಮು, ಮೈ ಇಳಿದಿತ್ತು. ಸ್ಕ್ಯಾನಿನಲ್ಲಿ ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಸೂಜಿ ಹಾಕಿದರೆ ಬರೀ ರಕ್ತ ಬಂತು. ಹಳೆಯ ಕ್ಷಯದ ಗಂಟೋ, ಕ್ಯಾನ್ಸರೋ ಗೊತ್ತಾಗಲಿಲ್ಲ.

ಸರ್ಜನ್ ಡಾಕ್ಟರ್ ಶರತ್ ನನ್ನ ಮುಂದೆಯೇ ಬೀರಯ್ಯನಿಗೆ ಬಿಡಿಸಿ ಹೇಳಿದರು. "ಎದೆ ತೆರೆದು ಗಂಟು ತೆಗೆದು ನಿಮಗೆ ಕಳಿಸ್ತೀನಿ. ಕ್ಷಯ ಅಂದ್ರೆ ಅಲ್ಲಿಗೇ ಮುಚ್ತೀನಿ. ಕ್ಯಾನ್ಸರ್ ಅಂದ್ರೆ ಆ ಮೇಲ್ಭಾಗವನ್ನೇ ಪೂರ್ತಿ ತೆಗೀಬೇಕು. ಬ್ಯಾರನ್ ಹೊಗೆ ಕುಡಿದ ಎದೆ ಇದು, ಬೀರಯ್ಯ. ಒಂದು ಸಲ ತಡೆದುಕೊಳ್ತಾರೆ. ಮುಚ್ಚಿದ ಮೇಲೆ ಮತ್ತೆ ತೆರೀಬೇಕಾಗಿ ಬಂದ್ರೆ ತಡೆಯೋದು ಕಷ್ಟ."

ನಾನು ಬೀರಯ್ಯನಿಗೆ ಆ ದಿನ ರಜೆ ಹಾಕಲು ಹೇಳಿದೆ. ಬೇರೆ ಯಾರನ್ನಾದರೂ ಕರೆಸುತ್ತೇನೆ ಎಂದೆ. ಆತ ಒಪ್ಪಲಿಲ್ಲ.

"ಒರಗೆ ಬೆಂಚಲ್ಲಿ ಕೂತ್ರೆ ನಾನು ಸತ್ತೇ ಓಯ್ತೀನಿ ಮೇಡಂ. ಕೈಗೆ ಕೆಲ್ಸ ಕೊಡಿ."

ಗುರುವಾರ ಬೆಳಿಗ್ಗೆ ಹಾರನಹಳ್ಳಿ ಕಡೆಯಿಂದ ಹನ್ನೆರಡು ಜನ ಬಂದು ಹೊರಗೆ ಕೂತರು. ಆಪರೇಷನ್ನಿಗೆ ಬಂದವರಂತೆ ಕಾಣುತ್ತಲೇ ಇರಲಿಲ್ಲ. ಆರಾಮಾಗಿ ಎಲೆಅಡಿಕೆ ಮೆಲ್ಲುತ್ತಿದ್ದರು. ಕಾರಣ ಆಮೇಲೆ ತಿಳಿಯಿತು. ಪುಟ್ಟಸಿದ್ದಮ್ಮನ ಗಂಡ ದೇವರಾಜು ಎಲ್ಲರಿಗೂ ಧೈರ್ಯ ಹೇಳಿಬಿಟ್ಟಿದ್ದರು: "ರಿಪೋರ್ಟ್ ಮಾಡೋ ಜಾಗದಲ್ಲಿ ನಮ್ಮೋನೇ ಅವ್ನೆ. ಏನೂ ಆಗಾಕಿಲ್ಲ." ತಾಲ್ಲೂಕು ಕಚೇರಿಯಲ್ಲಿ ನಮ್ಮವನೊಬ್ಬ ಕೂತಿದ್ದರೆ ಪಹಣಿ ಬೇಗ ಸಿಗುತ್ತದಲ್ಲ, ಹಾಗೆ. ನಮ್ಮ ಕೋಣೆಯ ಬಾಗಿಲಿಗೂ ಬಂದು ಬೀರಯ್ಯನ ಕೈ ಹಿಡಿದುಕೊಂಡರು.

"ಒಳ್ಳೇದೇ ಬರಂಗೆ ನೋಡ್ಕಳಪ್ಪ ಬೀರ."

"ಆಯ್ತು ಭಾವ," ಎಂದ ಈ ಪುಣ್ಯಾತ್ಮ!

ಅವರು ಹೋದದ್ದೇ ತಡ, ನಾನು ಹರಿಹಾಯ್ದೆ. "ಏನ್ರೀ ಅದು ಆಯ್ತು ಅಂದ್ರೆ? ಬರೋದು ನಮ್ಮ ಕೈಯಲ್ಲಿದೆಯಾ?"

"ಇನ್ನೇನು ಏಳ್ಲಿ ಮೇಡಂ. ನಂಗೂ ಅದೇ ಆಸೆ," ಎಂದ.

ಹನ್ನೊಂದೂಕಾಲಿಗೆ ಗಂಟು ಬಂತು. ನಾನು ಅದನ್ನು ಎರಡು ಹೋಳು ಮಾಡಿದೆ. ಒಂದು ಅಂಚಿನಲ್ಲಿ ಹಾಲು ಒಡೆದಂತೆ ಪುಡಿಪುಡಿಯಾಗಿದ್ದ ಜಾಗ ಕಂಡಿತು. ಅಲ್ಲಿಂದ ಒಂದು ಚೂರು ತೆಗೆದು ಬೀರಯ್ಯನಿಗೆ ಕೊಟ್ಟೆ. ಆತ ಅದನ್ನು ಪೆಟ್ಟಿಗೆಯೊಳಗೆ ಕೂರಿಸಿ, ಗಟ್ಟಿಯಾಗುವವರೆಗೂ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಕೊಯ್ದ. ಸ್ವಂತ ಅಕ್ಕನ ಎದೆಯ ಚೂರು. ಒಂದು ಪೊರೆಯೂ ಮಡಚಿಕೊಳ್ಳಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಪುಸ್ತಕದಲ್ಲಿ ಬರೆದಿಟ್ಟಂಥ ಕ್ಷಯ. ಎಲ್ಲೂ ಕ್ಯಾನ್ಸರಿನ ಕಣವಿಲ್ಲ.

"ಕ್ಷಯ ಬೀರಯ್ಯ! ಹಳೇ ಕ್ಷಯ!" ಎಂದು ಕೂಗಿಯೇಬಿಟ್ಟೆ.

ಆತ ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಅಬ್ಬಾ, ಅಕ್ಕಾ," ಎಂದ. ನಾನು ನಗುತ್ತಲೇ ಆಪರೇಷನ್ ಕೋಣೆಗೆ ಫೋನ್ ಎತ್ತಿದೆ.

ಆ ಒಂದು ನಿಮಿಷದಲ್ಲಿ ಬೀರಯ್ಯ ಸುಮ್ಮನೆ ಗೋಡೆಗೆ ಒರಗಿಕೊಂಡೇ ಇದ್ದಿದ್ದರೆ ಯಾರೂ ಆತನನ್ನು ಏನೂ ಕೇಳುತ್ತಿರಲಿಲ್ಲ. ತಪ್ಪಿದ್ದರೆ ಅದು ನನ್ನದು. ಅವನಿಗೆ ಬೇಕಾದ ಉತ್ತರವೇ ಬಂದಿತ್ತು, ಭಾವನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಆದರೆ ಆತ ಮೇಜಿನ ಹತ್ತಿರ ಹೋಗಿ, ಉಳಿದ ಹೋಳನ್ನು ಗ್ಲೌಸಿನ ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಮತ್ತೆ ಒತ್ತಿದ.

"ಮೇಡಂ, ಇನ್ನೊಂದು ಚೂರು ಕುಯ್ಲಾ?"

ನನ್ನ ಸಿಟ್ಟು ನೆತ್ತಿಗೇರಿತು. "ತಲೆ ಕೆಟ್ಟಿದೆಯಾ? ಹದಿನೇಳು ನಿಮಿಷ ಆಯ್ತು. ಹೇಳಿದಷ್ಟು ಮಾಡಿ!"

"ನೀವು ಕೊಟ್ಟಿದ್ದು ಅಂಚಿನ ಚೂರು. ನಡುಮಧ್ಯ ಕೈಗೆ ಬ್ಯಾರೆ ತರ ಸಿಗ್ತದೆ. ಮುಟ್ಟಿ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಫೋನಿನಲ್ಲಿ ಶರತ್, "ಹೇಳಿ ಮೇಡಂ, ಮುಚ್ಲಾ?" ಎನ್ನುತ್ತಿದ್ದಾರೆ. 'ಕ್ಷಯ, ಮುಚ್ಚಿ' ಎನ್ನುವ ಮಾತು ನನ್ನ ತುಟಿಯವರೆಗೂ ಬಂದಿತ್ತು. ಬೀರಯ್ಯನ ಕಣ್ಣು ನೋಡಿದೆ. ತುಂಬಿಕೊಂಡಿತ್ತು. ಅವನಿಗೆ ಆ ಇನ್ನೊಂದು ಚೂರು ಬೇಡವೇ ಬೇಡವಾಗಿತ್ತು, ಆದರೂ ಕೇಳುತ್ತಿದ್ದ. ಫೋನನ್ನು ಕಿವಿಗೆ ಒತ್ತಿಕೊಂಡೇ ಹೋಗಿ ಮುಟ್ಟಿದೆ. ಅಂಚಿನ ಮೆತ್ತನೆಯ ಪುಡಿಯ ಹಿಂದೆ, ನಡುವೆ, ಹುಣಿಸೆಬೀಜದಷ್ಟು ಜಾಗ ಗಟ್ಟಿಯಾಗಿತ್ತು. ಅದನ್ನು ನಾನೇ ಮೊದಲು ಮುಟ್ಟಿ ನೋಡಬೇಕಿತ್ತು. ಇಪ್ಪತ್ತೆರಡು ವರ್ಷದ ಅನುಭವದವಳು, ಒಳ್ಳೆಯದು ಬರಲೆಂಬ ಆಸೆಗೆ ನಾನೂ ಬಿದ್ದಿದ್ದೆ.

"ಹತ್ತು ನಿಮಿಷ ಕೊಡಿ ಡಾಕ್ಟ್ರೇ, ಮುಚ್ಚಬೇಡಿ," ಎಂದೆ. ಶರತ್ ಗೊಣಗಿದರು. ಗೊಣಗಲಿ.

ಬೀರಯ್ಯ ಎರಡನೇ ಚೂರು ಕೊಯ್ದು ಬಣ್ಣ ಹಾಕಿ ಕೊಟ್ಟ. ನೋಡಿದೆ. ಕ್ಯಾನ್ಸರ್. ಅನುಮಾನಕ್ಕೆ ಎಡೆಯೇ ಇಲ್ಲದ ಕ್ಯಾನ್ಸರ್, ಹಳೆಯ ಕ್ಷಯದ ಕಲೆಯ ಮಗ್ಗುಲಲ್ಲೇ ಅಡಗಿ ಕೂತಿತ್ತು. ತಲೆ ಎತ್ತಲು ನನಗೆ ಧೈರ್ಯ ಬರಲಿಲ್ಲ.

"ಏಳ್ಬುಡಿ ಮೇಡಂ," ಎಂದ ಹಿಂದಿನಿಂದ.

ನಾನು ಅವನಿಗೆ ಹೇಳಲಿಲ್ಲ. ಫೋನ್ ಎತ್ತಿ ಶರತ್‌ಗೆ ಹೇಳಿದೆ, ಅವನಿಗೂ ಕೇಳುವ ಹಾಗೆ. ಆತ ಚಾಕು ಒರೆಸಿದ, ಪೆಟ್ಟಿಗೆ ಮುಚ್ಚಿದ, ಮೇಜು ತೊಳೆದ. ಕೊನೆಗೆ ಗ್ಲೌಸ್ ತೆಗೆಯಲು ಹೋದರೆ ಬರುತ್ತಿಲ್ಲ. ಅಷ್ಟು ಹೊತ್ತು ಅಲುಗದ ಕೈಗಳು ಥರಥರ ನಡುಗುತ್ತಿದ್ದವು. ನಾನೇ ಎಳೆದು ತೆಗೆದೆ. ನನಗೂ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ.

ಸಂಜೆ ಹೊರಗೆ ಹೋಗಿ ಈ ಪೆದ್ದ ಬೀರಯ್ಯ ತನ್ನ ಭಾವನ ಮುಂದೆ ಎಲ್ಲವನ್ನೂ ಒದರಿದ್ದಾನೆ. ಮೊದಲು ಕ್ಷಯ ಬಂತು, ನಾನೇ ಇನ್ನೊಂದು ಚೂರು ಕೊಯ್ದೆ, ಆಗ ಕ್ಯಾನ್ಸರ್ ಬಂತು ಅಂತ. ದೇವರಾಜು ಎದ್ದು ನಿಂತರಂತೆ.

"ಒಳ್ಳೇದು ಬಂದ್ಮೇಲೂ ಇನ್ನೊಂದು ಕುಯ್ದ್ಯಾ? ನಮ್ಮೋನು ಅಂತ ನಂಬ್ಕಂಡು ಕೂತಿದ್ನಲ್ಲೋ! ಇನ್ನು ನನ್ನೆಂಡ್ರ ಮಂಚದ ತಾವ ನೀನು ಬರಕೂಡದು."

ಹನ್ನೆರಡು ಜನರಲ್ಲಿ ಒಬ್ಬರೂ ಬೀರಯ್ಯನ ಪರ ನಿಲ್ಲಲಿಲ್ಲವಂತೆ. ನನಗೆ ವಿಷಯ ತಿಳಿದಾಗ ಹೋಗಿ ಜಾಡಿಸಿಬಿಡಬೇಕೆಂದು ಹೊರಟೆ. ಬೀರಯ್ಯ ಬಾಗಿಲಿಗೆ ಅಡ್ಡ ನಿಂತ. "ಬ್ಯಾಡಿ ಮೇಡಂ. ಅವ್ರಿಗೂ ಸಂಕಟ ಅದೆ," ಎಂದ.

ಆರು ದಿನ ಹೀಗೇ ನಡೆಯಿತು. ವಾರ್ಡಿಗೆ ಹೋಗುವ ಮೆಟ್ಟಿಲ ಮೇಲೆ ಆತ ಊಟದ ಹೊತ್ತಿನಲ್ಲಿ ಕೂತಿರುತ್ತಿದ್ದ. ಡಬ್ಬಿ ಬಿಚ್ಚುತ್ತಿರಲಿಲ್ಲ. ನರ್ಸುಗಳನ್ನು ಕೇಳುತ್ತಿದ್ದ, ಉಸಿರಾಟ ಹೆಂಗದೆ, ಗಂಜಿ ಕುಡಿದ್ರಾ ಅಂತ. ಆರನೇ ದಿನ, ತೆಗೆದ ಭಾಗದ ಪೂರ್ತಿ ರಿಪೋರ್ಟ್ ಸಿದ್ಧವಾಯಿತು. ರೋಗ ಆ ಭಾಗ ಬಿಟ್ಟು ಎಲ್ಲೂ ಹರಡಿರಲಿಲ್ಲ. ಶರತ್ ತೆಗೆದ ಭಾಗದಲ್ಲೇ ಎಲ್ಲ ಬಂದುಬಿಟ್ಟಿತ್ತು. ಆ ಕಾಗದ ಹಿಡಿದು, ರೋಗಿಗಳ ಮುಖವನ್ನೇ ನೋಡದ ನಾನು, ಮೊದಲ ಸಲ ವಾರ್ಡಿಗೆ ಹೋದೆ.

ಪುಟ್ಟಸಿದ್ದಮ್ಮ ದಿಂಬಿಗೆ ಒರಗಿದ್ದರು. ಸಣ್ಣ ಜೀವ. ದೇವರಾಜು ಪಕ್ಕದ ಸ್ಟೂಲಿನ ಮೇಲೆ ಇದ್ದರು.

"ನಮ್ಮ ಬೀರ ಯಾಕ್ ಬರ್ನಿಲ್ಲ ಮೇಡಮ್ಮೋರೆ? ಕೇಳಿದ್ರೆ ಯಾರೂ ಬಾಯ್ ಬುಡಲ್ರು," ಎಂದರು ಪುಟ್ಟಸಿದ್ದಮ್ಮ.

ನಾನು ಕೂತು ಎಲ್ಲವನ್ನೂ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವತ್ತು ಮುಚ್ಚಿದ್ದರೆ, ಪೂರ್ತಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಕಂಡು ನಾಲ್ಕು ದಿನಕ್ಕೆ ಮತ್ತೆ ತೆರೆಯಬೇಕಿತ್ತು, ನಿಮ್ಮ ಎದೆ ಅದನ್ನು ತಡೆಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ ಎಂದೆ. ದೇವರಾಜು ನೆಲ ನೋಡುತ್ತಿದ್ದರು.

ಆಕೆ ಕೇಳಿದರು. "ಎಲ್ಡ್ನೇ ಚೂರು ಎಲ್ಲಿಂದ ತಗುದ?"

"ಮಧ್ಯದಿಂದ. ಕೈಯಲ್ಲಿ ಒತ್ತಿ ಒತ್ತಿ ನೋಡಿ."

ಪುಟ್ಟಸಿದ್ದಮ್ಮ ನಕ್ಕರು. ಹೊಲಿಗೆ ಎಳೆದು ನೋವಾಯಿತೇನೋ, ಎದೆ ಹಿಡಿದುಕೊಂಡು ಮತ್ತೆ ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತೋಳಿನ ಬಟ್ಟೆ ಸರಿಸಿ ಗಂಡನಿಗೆ ತೋರಿಸಿದರು.

"ಇಲ್ ನೋಡಿ. ಈ ಗುರ್ತು ಏನು ಅಂತ ಮದ್ವೆ ಆದಾಗ ಕೇಳಿದ್ರಲ್ಲ. ಅಪ್ಪ ಕಡ್ಡೀಲಿ ಒಡೆದಿದ್ದು. ಬೇಲ್ ಒಳಗಿಂದ ಕೆಟ್ಟ ಸೊಪ್ಪು ತಗುದಿದ್ದಕ್ಕೆ. ಅವನ್ಗೆ ನಾನೇ ಕಣ್ರೀ ಕಲ್ಸಿದ್ದು. ಕಲ್ಸಿದೋಳು ನಾನು, ಸಿಟ್ಟು ಅವನ್ ಮ್ಯಾಲಾ? ಓಗಿ ಕರ್ಕಬನ್ನಿ."

ದೇವರಾಜು ಎದ್ದರು. ಮೆಟ್ಟಿಲ ಹತ್ತಿರ ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದರು, ಮುಂದೆ ಭಾವ, ಹಿಂದೆ ಬೀರಯ್ಯ, ಬಿಚ್ಚದ ಊಟದ ಡಬ್ಬಿ ಕೈಯಲ್ಲೇ ಇತ್ತು. ಮಂಚದ ಹತ್ತಿರ ನಿಂತ. ಅಕ್ಕ ಅವನ ಬಲಗೈ ಎಳೆದು ಅಂಗೈ ಬಿಡಿಸಿ ನೋಡಿದರು, ಚಿಕ್ಕ ಹುಡುಗನದನ್ನು ನೋಡುವ ಹಾಗೆ.

"ನನ್ನ ಕುಯ್ಯೋವಾಗ ಕೈ ನಡುಗ್ನಿಲ್ವೇನ್ಲಾ?"

"ಕುಯ್ಯೋವಾಗ ನಡುಗ್ನಿಲ್ಲ ಕಣಕ್ಕ," ಎಂದ ಬೀರಯ್ಯ.

ಈಗ ನಡುಗುತ್ತಿತ್ತು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದೇವರಾಜು ತಾವು ಕೂತಿದ್ದ ಸ್ಟೂಲನ್ನು ಅವನ ಕಡೆ ತಳ್ಳಿದರು.