ಉಡಿ ತುಂಬಿಸಿಕೊಳ್ಳದ ಮಲ್ಲಾಬಾಯಿ

ನಮ್ಮೂರು ಬೋನಾಳದ ಕೆರೆಯ ಮಗ್ಗುಲಿಗಿದೆ. ಊರ ಪಡುವಣಕ್ಕೆ ದನಕರು ಮೇಯುವ ಸರ್ಕಾರಿ ಬಯಲಿದೆ. ನಮ್ಮ ಕಡೆ ಅದಕ್ಕೆ ಗಾಯರಾಣ ಅನ್ನುತ್ತೇವೆ. ಬಿಸಿಲು ಚುರುಕಾಗುವ ಹೊತ್ತಿಗೆ ಅಲ್ಲಿಂದ ಒಂದು ಒಡಕು ಗಂಟಲು ಕೇಳಿಸಿದರೆ ಮಲ್ಲಾಬಾಯಿ ಆಡು ಬಿಟ್ಟಳು ಎಂದೇ ಲೆಕ್ಕ. ಅವಳು ಆಡುಗಳನ್ನು ಬೈಯುವ ಬೈಗುಳ ಕೇಳಿದರೆ ಹೊಸಬರಿಗೆ ಯಾರೋ ನೆಂಟರ ಮೇಲೆ ಜಗಳಕ್ಕೆ ನಿಂತಂತೆ ಕಾಣಬೇಕು.

ಗಂಡ ದುರಗಪ್ಪ ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನ ಮೇಲೆ ಕೂತು ಹೋದವನು ಅದು ಉರುಳಿ ಕಾಲುವೆಯ ಪಾಲಾದ. ಆಗ ಮಗ ಶಾಂತಕುಮಾರನಿಗೆ ಇನ್ನೂ ಹಾಲುಹಲ್ಲು. ಶಹಾಪುರದ ಕಡೆಯ ತವರಿನಿಂದ ಅಣ್ಣ ಬಂದು, “ನಡಿ, ನಮ್ಮ ಮನ್ಯಾಗ ಒಂದು ತುತ್ತು ಉಂಡು ಬಿದ್ದಿರು” ಎಂದ. “ಮೂಲ್ಯಾಗ ಬಿದ್ದಿರಾಕ ನಾನೇನು ಒನಕಿಯೇನೋ ಅಣ್ಣಾ?” ಎಂದಳು ಇವಳು. ಅಣ್ಣ ಸಿಟ್ಟಿನಿಂದ ಎದ್ದು ಹೋದ. ಹೋದವನು ಮರುವಾರ ಒಂದು ಗಬ್ಬದ ಆಡು ಕಳಿಸಿಕೊಟ್ಟ. ಇವತ್ತು ಗಾಯರಾಣದಲ್ಲಿ ಮೇಯುವ ಹಿಂಡು ಆ ಆಡಿನ ಸಂತಾನ. ಮಗನ ಓದು, ಮದುವೆ, ಮನೆಯ ಮೇಲಿನ ತಗಡು ಎಲ್ಲವೂ ಅದರ ಹೊಟ್ಟೆಯಿಂದಲೇ ಬಂದವು.

ಗಂಡ ಹೋದ ದಿನದಿಂದ ಶುಭಕಾರ್ಯಗಳಲ್ಲಿ ಅವಳ ಜಾಗ ಹಂದರದ ಹೊರಗೆ. ಸೋಬಾನೆ ಪದ ಅವಳಷ್ಟು ಬಲ್ಲವರು ಊರಲ್ಲಿಲ್ಲ. ಆದರೂ ಹೊರಗಿನ ಕಲ್ಲಿನ ಮೇಲೆ ಕೂತು ಎತ್ತಿಕೊಡುತ್ತಿದ್ದಳು, ಒಳಗಿನ ಮುತ್ತೈದೆಯರು ಹಾಡುತ್ತಿದ್ದರು. ಅರಿಷಿಣದ ತಟ್ಟೆ ಅವಳ ಹತ್ತಿರ ಬಂದಾಗ ಹಾಗೆಯೇ ಮುಂದೆ ಹೋಗುತ್ತಿತ್ತು. ಅವಳೂ ಮೋರೆ ಬೇರೆ ಕಡೆ ಹೊರಳಿಸುತ್ತಿದ್ದಳು.

ಇಂಥ ಊರಿಗೆ ಕ್ಯಾಸಿನೊದ ಸುದ್ದಿ ಬಂತು.

ಹೈದರಾಬಾದಿನ ಒಂದು ಕಂಪನಿ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ದೊಡ್ಡ ಕ್ಯಾಸಿನೊ ಕಟ್ಟುತ್ತದಂತೆ. ಹೋಟೆಲು, ಈಜುಕೊಳ, ರಾತ್ರಿ ಹಗಲಾಗುವಷ್ಟು ದೀಪ. ಕಾನೂನಿನಲ್ಲಿ ಅದಕ್ಕೆ ಆಸ್ಪದವಿಲ್ಲ ಎಂದು ತಿಳಿದವರು ಅಂದರು. ಕಾನೂನು ನಾಳೆ ಬದಲಾಗುತ್ತದೆ, ನೀವು ಮೊದಲು ಜಾಗ ಗಟ್ಟಿ ಮಾಡಿ ಎಂದು ಕಂಪನಿಯವರು ಅಂದರು. ಅಲ್ಲಿಂದ ಶುರುವಾಯಿತು ಜಗ್ಗಾಟ. ಯಾದಗಿರಿಯವರು ಕಡೇಚೂರಿನಲ್ಲಿ ಕಾರ್ಖಾನೆಗಳಿವೆ, ರಸ್ತೆ-ರೈಲು ಇದೆ, ಅಲ್ಲಿಯೇ ಆಗಲಿ ಎಂದರು. ಶಹಾಪುರದವರು ಭೀಮರಾಯನಗುಡಿಯ ಕ್ಯಾಂಪಿನ ಹತ್ತಿರ ಬೇಕಾದಷ್ಟು ಖಾಲಿ ಜಾಗವಿದೆ ಎಂದರು. ನಮ್ಮ ಸುರಪುರದವರು ಬಿಡುತ್ತಾರೆಯೇ? ಕೆರೆಯ ಗಾಳಿ, ಹಕ್ಕಿಗಳ ಸಾಲು, ಬೋನಾಳದ ಮಗ್ಗುಲು ಬಿಟ್ಟು ಮಂದಿ ಧೂಳು ಕುಡಿಯಲು ಕಡೇಚೂರಿಗೆ ಹೋಗುತ್ತಾರೆಯೇ ಎಂದು ಕೇಳಿದರು.

ಸುರಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಲಾಡ್ಲೇಸಾಬನ ಚಹಾದಂಗಡಿ. ಅಲ್ಲಿ ದಿನಾ ಇದೇ ಮಾತು.

“ಲಾಡ್ಲೇ, ಕ್ಯಾಸಿನೊ ಅಂದ್ರ ಏನೋ?” ಎಂದು ನಮ್ಮೂರಿನ ಪಂಚಾಯ್ತಿ ಮೆಂಬರ್ ಅಂಬ್ರಪ್ಪ ಕೇಳಿದ.

“ಕಾಲುವಿ ಬ್ರಿಜ್ ಕೆಳಗ ಇಸ್ಪೀಟ್ ಆಡೋರನ್ನ ಪೊಲೀಸ್ರು ಹಿಡಕೊಂಡು ಹೋಗ್ತಾರಲ್ಲ ಅಂಬ್ರಪ್ಪಣ್ಣ, ಅದಕ್ಕ ಎಸಿ ಹಾಕಿ ಬಾಗಿಲಿಗೆ ಪೊಲೀಸ್ರನ್ನ ಕಾವಲಿಟ್ರ ಕ್ಯಾಸಿನೊ.”

ಅಂಗಡಿಯೆಲ್ಲ ನಕ್ಕಿತು. ಅಂಬ್ರಪ್ಪ ನಗಲಿಲ್ಲ. ನಮ್ಮೂರಿಗೆ ಕ್ಯಾಸಿನೊ ತರುವವರ ಪೈಕಿ ಅವನೂ ಒಬ್ಬ.

ತರುವವರ ಮುಂದಾಳು ಮರಿಲಿಂಗ. ಸುರಪುರದಲ್ಲಿ ಪ್ಲಾಟಿನ ವ್ಯವಹಾರ ಮಾಡುವವನು, ನಮ್ಮೂರ ಹುಡುಗನೇ, ಮಲ್ಲಾಬಾಯಿಗೆ ದೂರದ ವರಸೆಯಲ್ಲಿ ಅಕ್ಕನ ಮಗ. ಕಂಪನಿಯವರು ನಮ್ಮ ಗಾಯರಾಣವನ್ನೇ ನೋಡಿಕೊಂಡು ಹೋದರು. ಮರಿಲಿಂಗ ಊರ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಪ್ಪಿಸಿದ. ಆದರೆ ಒಂದು ತೊಡಕು ಬಂತು. ಊರ ಬಯಲು ಕೊಡುವಾಗ ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು ಎಂದು ಮೇಲಿನಿಂದ ಆದೇಶವಾಯಿತು. ಸೌದೆ, ಕುಳ್ಳು, ಆಡು, ಬೆಳಗಿನ ಬಯಲುಕಡೆ, ಎಲ್ಲದಕ್ಕೂ ಗಾಯರಾಣಕ್ಕೆ ಹೋಗುವವರು ಹೆಂಗಸರು. ಅವರು ಒಪ್ಪುವ ಹಾಗೆ ಕಾಣಲಿಲ್ಲ.

ಮರಿಲಿಂಗ ಊರಿನ ನಾಡಿ ಬಲ್ಲವನು. ಅವನು ಒಬ್ಬ ಹೆಂಗಸಿನ ಜೊತೆಗೂ ವಾದಕ್ಕೆ ಹೋಗಲಿಲ್ಲ. ಒಂದು ಶುಕ್ರವಾರ ಅವನ ಹೆಂಡತಿ ಚಂದ್ರಕಲಾ ಕಾರಿನಲ್ಲಿ ಬಂದಿಳಿದು, ದ್ಯಾಮವ್ವನ ಗುಡಿಯಲ್ಲಿ ಊರ ಮುತ್ತೈದೆಯರಿಗೆಲ್ಲ ಉಡಿ ತುಂಬುತ್ತೇನೆ ಎಂದು ಹೇಳಿಕಳಿಸಿದಳು.

ಉಡಿ ಬೇಡ ಎನ್ನುವ ಹೆಣ್ಣು ನಮ್ಮ ನಾಡಿನಲ್ಲಿಲ್ಲ. ಸೆರಗೊಡ್ಡಿದರೆ ಅದರಲ್ಲಿ ಅಕ್ಕಿ, ಖಣ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಬೀಳುತ್ತವೆ. ಉಡಿ ತುಂಬಿದವಳ ಮನೆ ಆ ಹೊತ್ತಿನಿಂದ ತವರಾಗುತ್ತದೆ. ಆ ಅಕ್ಕಿ ಬೇಯಿಸಿ ಉಂಡ ಮೇಲೆ ಆ ಮನೆಯವರಿಗೆ ಎದುರು ನುಡಿಯುವಂತಿಲ್ಲ. ನಮ್ಮೂರಲ್ಲಿ ಈ ಕಟ್ಟನ್ನು ಮುರಿದ ಹೆಣ್ಣನ್ನು ನಾನು ಕಂಡಿಲ್ಲ. ಮರಿಲಿಂಗನಿಗೆ ಬೇಕಾದದ್ದೂ ಅದೇ. ಬಾಯಿಗೆ ಬೀಗ ಹಾಕಬೇಕು, ಬೀಗ ಹಾಕಿಸಿಕೊಂಡವರು ಕೈ ಮುಗಿಯಬೇಕು.

ಮಲ್ಲಾಬಾಯಿ ಸೊಸೆ ದೇವಿಕಾಳ ಜೊತೆ ಗುಡಿಗೆ ಬಂದಿದ್ದಳು. ಕಟ್ಟೆಯ ಮೇಲೆ ಸೊಸೆಯ ಪಕ್ಕದಲ್ಲಿ ನೋಡಲೆಂದು ನಿಂತಾಗ ಚಂದ್ರಕಲಾ ತಟ್ಟೆ ತಡೆದಳು.

“ಅತ್ತಿ, ನೀವು ಜರಾ ಕೆಳಗ ಇಳೀರಿ. ಮುತ್ತೈದೇರ ಕಾರ್ಯ ಐತಿ.”

ಮಲ್ಲಾಬಾಯಿ ಇಳಿದಳು. ಅಲ್ಲಿ ಕಸಬರಿಗೆಯ ಹಂಚಿಕಡ್ಡಿ ಮಾರುವ ಚಮನಬೀ ತನ್ನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. “ಬಾ ಮಲ್ಲಕ್ಕ, ಇಲ್ಲಿ ನೆರಳೈತಿ” ಎಂದು ಸರಿದು ಜಾಗ ಕೊಟ್ಟಳು.

ಅವತ್ತು ಮನೆಯಲ್ಲಿ ದೇವಿಕಾ ಉಡಿ ಅಕ್ಕಿಯ ಅನ್ನ ಮಾಡಿ ಅತ್ತೆಗೆ ಬಡಿಸಲು ಹೋದಳು. ಮಲ್ಲಾಬಾಯಿ ಗಂಗಾಳ ಸರಿಸಿದಳು.

“ನನಗ ನಿನ್ನಿ ರೊಟ್ಟಿ ಐತಿ.”

“ಅನ್ನಾ ಏನು ಪಾಪ ಮಾಡೈತಿ?”

“ಅನ್ನಾ ಏನೂ ಮಾಡಿಲ್ಲ. ನನ್ನ ಕೆಳಗ ಇಳಿಸಿದಾಕಿ ಅಕ್ಕಿ ನನಗ ಇಳಿಯೂದಿಲ್ಲ.”

ದೇವಿಕಾ ಸೌಟು ಕುಕ್ಕಿದಳು. “ನಿನಗ ಆಡು ಬಿಟ್ರ ಲೋಕ ಇಲ್ಲ. ನಿನ್ನ ಮಗ ಕಡೇಚೂರದಾಗ ಕೆಮಿಕಲ್ ವಾಸನಿ ಕುಡಿಯಾಕತ್ತಾನ, ವಾರಕ್ಕೊಮ್ಮೆ ಮುಖಾ ತೋರಿಸ್ತಾನ. ಇಲ್ಲೇ ಆದ್ರ ಅವನಿಗೂ ಕೆಲಸ, ನನಗೂ ಕೆಲಸ ಅಂತ ಮರಿಲಿಂಗಣ್ಣ ಖರೇ ಹೇಳ್ಯಾನ. ಆಡಿನ ಹಿಕ್ಕಿ ಬಳಿಯೂದು ನನ್ನ ಹಣೀಬರಾನಾ?”

ಮಲ್ಲಾಬಾಯಿ ರೊಟ್ಟಿಯ ಬುಟ್ಟಿ ಎಳೆದುಕೊಂಡಳು. ಸೊಸೆ ಹೇಳಿದ್ದು ಸುಳ್ಳಲ್ಲ. ಆದರೆ ಗಾಯರಾಣ ಹೋದರೆ ಹಿಂಡು ಹೋಯಿತು, ಹಿಂಡು ಹೋದರೆ ತಾನು ಮೂಲೆಯ ಒನಕೆ. ಅಣ್ಣನ ಮನೆಯಲ್ಲಿ ಆಗದೆ ಉಳಿದದ್ದು ಮಗನ ಮನೆಯಲ್ಲಿ ಆಗುತ್ತದೆ. ಅವಳು ರೊಟ್ಟಿ ಮುರಿದು ಖಾರಬ್ಯಾಳಿಯಲ್ಲಿ ಅದ್ದಿಕೊಂಡು ಉಂಡಳು.

ಊರವರ ಒಪ್ಪಿಗೆ ಕೇಳಲು ಕರೆದ ಸಭೆಯ ದಿನ ಬೆಳಿಗ್ಗೆ ಮರಿಲಿಂಗ ತಾನೇ ಗಾಯರಾಣಕ್ಕೆ ಬಂದ. ಬಂದವನ ಕಣ್ಣು ಬಯಲಿನ ಅಂಚಿನಲ್ಲಿದ್ದ ಅವಳ ಆಡಿನ ದೊಡ್ಡಿಯ ಮೇಲಿತ್ತು.

“ಚಿಗವ್ವಾ, ಈ ದೊಡ್ಡಿ ಸರಕಾರಿ ಜಾಗಾದಾಗ ಐತಿ.”

“ನೀ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗುವಾಗಿಂದ ಐತಿ.”

“ನಾ ಇದ್ದಿನಿ ಅಂತ ಯಾರೂ ಕಿತ್ತಿಲ್ಲ. ನಾಳಿ ನಾ ಸುಮ್ಮ ಕೂತ್ರ?”

“ಅಂಜಸಾಕತ್ತಿ?”

“ತಿಳಿಸಿ ಹೇಳಾಕತ್ತೀನಿ. ಸಭಾದಾಗ ಹೆಣ್ಣುಮಕ್ಕಳು ಯಾರೂ ಬಾಯಿ ಬಿಡೂದಿಲ್ಲ. ನೀ ಒಬ್ಬಾಕಿ ಎದ್ದು ನಿಂತ್ರ ನಿನ್ನ ಇಜ್ಜತ್ತು ನೀನ ಕಳಕೋತಿ.”

ಅವನು ಹೋದ ಮೇಲೆ ಮಲ್ಲಾಬಾಯಿ ದೊಡ್ಡಿಯ ಬೇಲಿಗೆ ಇನ್ನೊಂದು ಸುತ್ತು ಮುಳ್ಳು ಸುತ್ತಿದಳಂತೆ. ಅವತ್ತು ಆಡುಗಳನ್ನು ಬೈಯುವ ದನಿ ಊರಿಗೆ ಕೇಳಿಸಲಿಲ್ಲ.

ಸಭೆ ಶಾಲೆಯ ಮುಂದಿನ ಬೇವಿನ ಮರದಡಿ. ತಾಲೂಕಿನಿಂದ ಸಾಹೇಬರು ಬಂದಿದ್ದರು. ಕಂಪನಿಯ ಇಬ್ಬರು ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಗಂಡಸರ ಮಾತು ಬೇಗ ಮುಗಿಯಿತು. ಅಂಬ್ರಪ್ಪ ಭಾಷಣ ಮಾಡಿದ, ಉಳಿದವರು ತಲೆಯಾಡಿಸಿದರು. ನಾನು ಮರದ ಬೊಡ್ಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಮುತ್ತೈದೆಯರೆಲ್ಲ ಚಾಪೆಯ ಮೇಲೆ, ಸೆರಗು ಬಾಯಿಗೆ ಅಡ್ಡ.

“ಹೆಣ್ಣುಮಕ್ಕಳದು ಏನಾದರೂ ಆಕ್ಷೇಪ ಇದೆಯೇ?” ಎಂದು ಸಾಹೇಬರು ಕೇಳಿದರು.

ಒಬ್ಬರೂ ಸೆರಗು ಸರಿಸಲಿಲ್ಲ. ಮರಿಲಿಂಗ ಎದ್ದ. “ಇಲ್ರಿ ಸಾಹೇಬ್ರ. ಎಲ್ಲಾರೂ ನಮ್ಮ ಅಕ್ಕ-ತಂಗೇರ ಇದ್ದಾರ. ಆಕ್ಷೇಪ ಇಲ್ಲಂತ ಬರಕೋರಿ.”

“ಬರೀಬ್ಯಾಡ್ರಿ.”

ಚಾಪೆಯ ಹೊರಗೆ, ಮಣ್ಣಿನ ಮೇಲೆ ಕೂತಿದ್ದ ಮಲ್ಲಾಬಾಯಿ ಆಡು ಕಾಯುವ ಕೋಲು ಊರಿ ಎದ್ದಿದ್ದಳು. “ನನಗ ಬ್ಯಾಡ. ನಿಮ್ಮ ಕ್ಯಾಸಿನೊ ಎಲ್ಲೆರ ಕಟ್ಟಕೋರಿ, ಗಾಯರಾಣ ಮಾತ್ರ ಬ್ಯಾಡ.”

ಮರಿಲಿಂಗ ನಕ್ಕ. “ಚಿಗವ್ವಾ, ನಿಮ್ಮ ಮನಿ ಮಾತು ಮುಗದೈತಿ. ನಿಮ್ಮ ಸೊಸಿ ಉಡಿ ತುಂಬಿಸಿಕೊಂಡಾಳ. ಅಕ್ಕಿ ನಿಮ್ಮ ಒಲಿ ಮ್ಯಾಲ ಬೆಂದಾವ.”

“ಬೆಂದಾವ. ಸೊಸಿ ಉಂಡಾಳ. ನಾ ಉಂಡಿಲ್ಲ.”

“ಒಂದ ಒಲಿ, ಒಂದ ಗಡಿಗಿ. ಉಂಡಿಲ್ಲ ಅಂದ್ರ ಯಾರು ನಂಬ್ತಾರ?”

ಹೆಂಗಸರಲ್ಲಿ ಗುಜುಗುಜು ಎದ್ದಿತು. ಉಂಡು ಎದುರಾಡಿದ್ದರೆ ಮಲ್ಲಾಬಾಯಿಯ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ನಾಳೆಯಿಂದ ಅವಳ ಮನೆಯ ನೀರು ಮುಟ್ಟುವವರೂ ಇಲ್ಲ. ಉಂಡಿಲ್ಲವೆಂದು ಹೇಳಬಲ್ಲವಳು ಒಬ್ಬಳೇ. ಊರ ಕಣ್ಣೆಲ್ಲ ದೇವಿಕಾಳ ಕಡೆ ಹೊರಳಿತು.

ಮರಿಲಿಂಗನೂ ಅವಳನ್ನೇ ನೋಡಿದ. “ಹೇಳವ್ವಾ ದೇವಿಕಾ. ವಿಚಾರ ಮಾಡಿ ಹೇಳು.”

ದೇವಿಕಾ ಎದ್ದಳು. ಮೈಮೇಲೆ ಆ ಉಡಿಯ ಖಣದಿಂದ ಹೊಲಿಸಿದ ಹೊಸ ಕುಪ್ಪಸ. ಅತ್ತೆಯ ಮುಖ ಅವಳು ನೋಡಲಿಲ್ಲ.

“ನಮ್ಮತ್ತಿ ಉಂಡಿಲ್ಲ.”

“ಗಟ್ಟಿಯಾಗಿ ಹೇಳಮ್ಮ” ಎಂದರು ಸಾಹೇಬರು.

“ಉಂಡಿಲ್ರಿ! ನಾ ಬಡಿಸಾಕ ಹೋದ್ರ ಗಂಗಾಳ ಸರಿಸಿದ್ಲು. ನಿನ್ನಿ ರೊಟ್ಟಿ ತಿಂದ್ಲು.”

“ದೇವಿಕಾ, ನಿನ್ನ ಕೆಲಸದ ಮಾತು ನೆನಪೈತಿಲ್ಲ?” ಮರಿಲಿಂಗನ ದನಿ ತಗ್ಗಿತ್ತು, ಆದರೂ ನನಗೆ ಕೇಳಿಸಿತು.

“ನೆನಪೈತಿ ಅಣ್ಣಾ. ಕ್ಯಾಸಿನೊ ಬ್ಯಾಡ ಅಂತ ನಾ ಅಂದಿಲ್ಲ. ನೀ ಕೇಳಿದಿ, ಇದ್ದದ್ದು ಹೇಳಿನಿ.” ಹಾಗೆಂದು ಧಪ್ಪನೆ ಕೂತಳು.

ಅಷ್ಟರಲ್ಲಿ ಹಿಂದಿನಿಂದ ಚಮನಬೀ ಎದ್ದಳು. “ನಮಗೂ ಯಾರೂ ಉಡಿ ತುಂಬಿಲ್ರಿ ಸಾಬ್. ಹಂಚಿಕಡ್ಡಿ ಹುಲ್ಲು ನಾ ಅಲ್ಲೇ ಕೊಯ್ಯೋದು. ನಂದೂ ಬ್ಯಾಡ ಅಂತ ಲಿಖ್ಖೊ.”

ಅವಳ ಹಿಂದೆ ಮಲ್ಲಿಕಮ್ಮ ಎದ್ದಳು. ಹೋದ ವರ್ಷ ಗಂಡನನ್ನು ಕಳೆದುಕೊಂಡವಳು, ಅಂದಿನಿಂದ ಮಂದಿಯ ನಡುವೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ನಂದೂ” ಎಂದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಗುಡಿಯ ಕಟ್ಟೆ ಹತ್ತದವರು, ಅರಿಷಿಣದ ತಟ್ಟೆ ದಾಟಿಹೋದವರು, ಚಾಪೆಯ ಹೊರಗೆ ಕೂತವರು ಒಬ್ಬೊಬ್ಬರಾಗಿ ಎದ್ದು ನಿಂತರು. ಚಂದ್ರಕಲಾ ಯಾರನ್ನು ಬಿಟ್ಟಿದ್ದಳೋ ಅವರ ಬಾಯಿಗೆ ಬೀಗ ಬಿದ್ದಿರಲಿಲ್ಲ. ಮರಿಲಿಂಗನ ಅಷ್ಟು ದೊಡ್ಡ ಲೆಕ್ಕಾಚಾರದಲ್ಲಿ ಈ ಹೆಂಗಸರು ಇರಲೇ ಇಲ್ಲ.

ಅವನು ಇನ್ನೂ ಸೋಲೊಪ್ಪಲಿಲ್ಲ. “ಸಾಹೇಬ್ರ, ಇವರು ನಾಕು ಮಂದಿ. ಚಾಪಿ ಮ್ಯಾಲಿನವರನ್ನ ಕೇಳ್ರಿ.”

ಸಾಹೇಬರು ಚಾಪೆಯ ಕಡೆ ತಿರುಗಿದರು. “ಕ್ಯಾಸಿನೊ ಇಲ್ಲಿಯೇ ಬೇಕು ಅನ್ನುವವರು ಕೈ ಎತ್ತಿ.”

ಚಾಪೆಯ ಮುಂದೆ ಕೂತಿದ್ದ ಚಂದ್ರಕಲಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದಳು. ಹೆಂಗಸರು ನೆಲ ನೋಡಿದರು. ಉಡಿ ಅಕ್ಕಿ ಉಂಡವರು ಎದುರು ನುಡಿಯಬಾರದು, ಅದು ಕಟ್ಟು. ಹೂಂ ಎನ್ನಲೇಬೇಕೆಂದು ಯಾವ ಕಟ್ಟೂ ಇಲ್ಲ. ಒಂದು ಕೈಯೂ ಏಳಲಿಲ್ಲ. ದೇವಿಕಾ ತನ್ನ ಬಲಗೈಯನ್ನು ಮಡಿಲಿನಿಂದ ತುಸು ಎತ್ತಿದಳು, ಆಚೀಚೆ ನೋಡಿದಳು, ಮತ್ತೆ ಮಡಿಲಲ್ಲಿ ಇಟ್ಟುಕೊಂಡಳು.

ಹೆಣ್ಣುಮಕ್ಕಳ ಒಪ್ಪಿಗೆ ಇಲ್ಲ ಎಂದು ಸಾಹೇಬರು ಬರೆದುಕೊಂಡು ಜೀಪು ಹತ್ತಿದರು. ಕಪ್ಪು ಕನ್ನಡಕದವರು ಮರಿಲಿಂಗನ ಕಡೆ ತಿರುಗಿಯೂ ನೋಡದೆ ಕಾರಿನ ಬಾಗಿಲು ಹಾಕಿಕೊಂಡರು.

ಕ್ಯಾಸಿನೊದ ಜಗ್ಗಾಟ ನಿಂತಿಲ್ಲ. ಈಗ ಭೀಮರಾಯನಗುಡಿಯೋ ಕಡೇಚೂರೋ ಎಂದು ಶಹಾಪುರದವರೂ ಯಾದಗಿರಿಯವರೂ ಬಡಿದಾಡುತ್ತಿದ್ದಾರೆ. ಲಾಡ್ಲೇಸಾಬನ ಅಂಗಡಿಯಲ್ಲಿ ಚಹಾ ಮೊದಲಿಗಿಂತ ಹೆಚ್ಚು ಖರ್ಚಾಗುತ್ತದೆ. ಗಾಯರಾಣ ಗಾಯರಾಣವಾಗಿಯೇ ಇದೆ. ಮರಿಲಿಂಗ ಹೇಳಿದ ಮಾತು ಉಳಿಸಿಕೊಂಡ: ದೊಡ್ಡಿ ಕೀಳಿಸಿದ. ಮಲ್ಲಾಬಾಯಿ ಮುಳ್ಳುಕಂಟಿ ಹೊತ್ತು ತಂದು ಹಿತ್ತಲಲ್ಲಿ ಹೊಸ ದೊಡ್ಡಿ ಹಾಕಿಕೊಂಡಳು. ಈಗ ಬೈಗುಳ ಊರ ನಡುವಿನಿಂದಲೇ ಕೇಳಿಸುತ್ತದೆ.

ಕೆಲಸದ ಆಸೆ ಮುರಿದ ಮೇಲೆ ದೇವಿಕಾ ಇಲ್ಲಿ ನಿಲ್ಲಲಿಲ್ಲ. ಗಂಡ ಇರುವ ಕಡೇಚೂರಿಗೆ ಹೊರಟಳು. ಅತ್ತೆ-ಸೊಸೆ ಸಭೆಯ ದಿನದಿಂದ ಸರಿಯಾಗಿ ಮಾತಾಡಿರಲಿಲ್ಲ. ಬಸ್ಸಿಗೆ ಹೋಗುವ ದಿನ ಗಂಟು ಕಟ್ಟಿ ಹೊಸ್ತಿಲ ಬಳಿ ನಿಂತವಳ ಮುಂದೆ ಮಲ್ಲಾಬಾಯಿ ಮೊರದಲ್ಲಿ ಜೋಳ, ಒಂದು ಬಟ್ಟಲು ಕೊಬ್ಬರಿ, ಅರಿಷಿಣದ ಬೇರು ಇಟ್ಟುಕೊಂಡು ಬಂದಳು. ಅಂಗಳದಲ್ಲಿದ್ದ ಮಂದಿ ಹತ್ತಿರಕ್ಕೆ ಬಂದರು. ಗಂಡ ಸತ್ತವಳು ಉಡಿ ತುಂಬುವುದನ್ನು ನಮ್ಮೂರು ಕಂಡಿರಲಿಲ್ಲ.

“ಸೆರಗ ಒಡ್ಡು” ಎಂದಳು ಮಲ್ಲಾಬಾಯಿ.

ದೇವಿಕಾ ಅತ್ತೆಯ ಬರಿ ಹಣೆ ನೋಡಿದಳು, ಮೊರ ನೋಡಿದಳು. ಬಸ್ಸಿನ ಹಾರ್ನ್ ಕೇಳಿಸಿತು. ಗಂಟು ಕೆಳಗಿಟ್ಟು ಸೆರಗೊಡ್ಡಿದಳು.

“ಇದನ್ನ ಉಂಡ ಮ್ಯಾಲ ನನಗ ಎದುರಾಡಬಾರ್ದು ಅಂತೇನಿಲ್ಲ” ಎಂದಳು ಮಲ್ಲಾಬಾಯಿ, ಜೋಳ ಸುರಿಯುತ್ತಾ. “ಹಬ್ಬಕ್ಕ ಬಂದಾಗ ಬೇಕಾದಷ್ಟು ಆಡು.”

“ಹಬ್ಬದ ತನಕ ಯಾಕ ಕಾಯ್ಲಿ?” ದೇವಿಕಾ ಸೆರಗಿನ ತುದಿ ಸೊಂಟಕ್ಕೆ ಬಿಗಿದಳು. “ಮೊದಲ ಒಳಗ ನಡಿ. ಒಲಿ ಮ್ಯಾಲ ಅನ್ನಾ ಮಾಡಿಟ್ಟೀನಿ, ನಮ್ಮ ಮನಿ ಅಕ್ಕೀದು. ಬಿಸಿ ಇದ್ದಾಗ ಉಣ್ಣು. ಮತ್ತ ನಿನ್ನಿ ರೊಟ್ಟಿ ತಿಂದ್ಲು ಅಂತ ನನ್ನ ಕಡಿಂದ ಊರಿಗೆಲ್ಲಾ ಹೇಳಿಸಬ್ಯಾಡ.”