ಗೇರ್ ಹಿಡಿದ ಕೈ

ನನ್ನ ಬೀರುವಿನಲ್ಲಿ, ಡೈರಿಗಳ ಸಾಲಿನ ಮೇಲೆ, ಖಾಕಿ ಬಟ್ಟೆಯ ಒಂದು ಕುಲಾವಿ ಇದೆ. ಕುಲಾವಿ ಎಂದೊಡನೆ ಎಳೆಮಗುವಿನ ತಲೆಯನ್ನು ನೆನೆಯಬೇಡಿ. ಇದು ಜೀಪಿನ ಗೇರ್ ಕಡ್ಡಿಯ ತಲೆಗೆ ತೊಡಿಸಿದ್ದು. ಹಳೆಯ ಪ್ಯಾಂಟಿನ ತುಂಡು, ಒಳಗೆ ಹತ್ತಿ, ದಪ್ಪ ದಾರದ ಸೊಟ್ಟ ಹೊಲಿಗೆ. ಮೂಗಿಗೆ ಹಿಡಿದರೆ ಗೇರ್ ಆಯಿಲಿನ ಗಂಧಕದಂಥ ವಾಸನೆ ಇನ್ನೂ ಇದೆ ಅನ್ನಿಸುತ್ತದೆ. ನಿಜವಾಗಿ ಇದೆಯೋ, ಇರಲೆಂದು ನಾನೇ ತುಂಬಿಕೊಳ್ಳುತ್ತೇನೋ, ಹೇಳಲಾರೆ.

ಹೊಲಿದವರು ಅಪ್ಪ. ಕುಣಿಗಲ್ಲಿನಿಂದ ಹುಲಿಯೂರುದುರ್ಗಕ್ಕೆ ಬಹಳ ವರ್ಷ ಖಾಸಗಿ ಬಸ್ಸು ಓಡಿಸಿದವರು. ಕಣ್ಣಿನ ನರ ಒಣಗತೊಡಗಿ, ಎದುರಿನ ಲಾರಿ ಬರಿಯ ನೆರಳಾದ ದಿನ ತಾವಾಗಿಯೇ ಸ್ಟಿಯರಿಂಗು ಬಿಟ್ಟವರು. ನಾನು ಆಗ ತುಮಕೂರಿನಲ್ಲಿ ಮನೆ ಮಾಡಿ ಗುಬ್ಬಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಅಪ್ಪನೂ ನನ್ನ ಜೊತೆಗೇ ಇದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಕುಣಿಗಲ್ಲಿನ ಕಂಟ್ರಾಕ್ಟರೊಬ್ಬರು ಮಾರಲಿಟ್ಟ ಹಳೆಯ ಜೀಪನ್ನು, ಬಾನೆಟ್ಟಿಗೆ ಕಿವಿಯಿಟ್ಟು ಆರಿಸಿದವರೂ ಅವರೇ. ಎಂಜಿನ್ನು ಚೆನ್ನಾಗಿದೆ ಎಂದರು, ಚೆನ್ನಾಗಿಯೇ ಇತ್ತು. ಗೇರ್‌ಬಾಕ್ಸಿಗೆ ಮಾತ್ರ ಒಂದು ರೋಗ. ಟಾಪ್ ಗೇರಿನಲ್ಲಿ ಹೋಗುತ್ತಿರುವಾಗ ಇಳಿಜಾರು ಬಂದು ಆಕ್ಸಿಲರೇಟರಿನಿಂದ ಕಾಲೆತ್ತಿದೆನೋ, ಕಡ್ಡಿ ತಾನಾಗಿ ನ್ಯೂಟ್ರಲ್ಲಿಗೆ ಹಾರಿಬಿಡುತ್ತಿತ್ತು. ಹಾರದಂತೆ ಯಾರಾದರೂ ಒತ್ತಿ ಹಿಡಿದಿರಬೇಕು. ಪಕ್ಕದಲ್ಲಿ ಕೂತ ಅಪ್ಪ ಹಿಡಿದರು.

ಹೀಗೆ ಶುರುವಾದದ್ದು ದಿನಚರಿಯಾಯಿತು. ಬೆಳಿಗ್ಗೆ ನನಗಿಂತ ಮೊದಲೇ ಬೂಟು ಹಾಕಿಕೊಂಡು ಜೀಪಿನಲ್ಲಿ ಕೂತಿರುತ್ತಿದ್ದರು. ರಸ್ತೆ ಕಾಣದಿದ್ದರೂ ಹೆಗ್ಗೆರೆ ದಾಟಿದ್ದು ಅಂಗೈಗೆ ತಿಳಿಯುತ್ತಿತ್ತು. ನಾನು ಕಾಲೆತ್ತುವ ಒಂದು ಗಳಿಗೆ ಮುಂಚೆ ಅವರ ಮಣಿಕಟ್ಟು ಬಿಗಿಯುತ್ತಿತ್ತು. ಗುಬ್ಬಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹಳೆಯ ಡ್ರೈವರುಗಳ ನಡುವೆ ಸಂಜೆಯವರೆಗೆ ಕೂತು, ಮತ್ತೆ ಗೇರ್ ಹಿಡಿದು ಮನೆಗೆ. ಮಧ್ಯೆ ನನಗೆ ಪಾಠ.

"ಕಾಲ್ ಎತ್ತಕ್ ಮುಂಚೆ ಹೇಳೋ ಮೇಷ್ಟ್ರೇ. ಇದೇನ್ ನಿನ್ ಸ್ಟೂಡೆಂಟಾ, ಕೂತ್ಕೋ ಅಂದ್ರೆ ಕೂತ್ಕೊಳ್ಳಾಕೆ?"

ಹಿಂದಿನ ಸೀಟಿನಲ್ಲಿ ಬರುತ್ತಿದ್ದ ಸಹೋದ್ಯೋಗಿಗಳು ನಗುತ್ತಿದ್ದರು. ಒಬ್ಬರಂತೂ, ಈ ಜೀಪಿಗೆ ಲೈಸೆನ್ಸು ಇಬ್ಬರಿಗೂ ಅರ್ಧರ್ಧವೇ ಎಂದು ಕೇಳಿದ್ದರು. ನಾನೂ ನಕ್ಕಿದ್ದೆ. ನಕ್ಕ ನೆನಪಿದೆ, ಎಷ್ಟು ಹಲ್ಲು ಕಚ್ಚಿ ನಕ್ಕಿದ್ದೆ ಎಂಬುದನ್ನು ನೆನಪು ಕಾಪಾಡಿಲ್ಲ.

ಜೀಪನ್ನು ನೋಡಿಕೊಳ್ಳುತ್ತಿದ್ದವರು ತುಮಕೂರಿನ ಗುಬ್ಬಿ ಗೇಟಿನ ಬಳಿ ಶೆಡ್ಡು ಇಟ್ಟಿದ್ದ ಬಾಷಾ ಸಾಬರು. ಅವರು ಆಯಿಲ್ ಬದಲಿಸುವುದೇ ಒಂದು ವೈದ್ಯ. ಕೆಳಗಿನ ತಿರುಪು ಬಿಚ್ಚಿ, ಇಳಿದ ಕಪ್ಪು ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಬಿಸಿಲಿಗೆ ಹಿಡಿದು, ಲೋಹದ ಪುಡಿ ಮಿನುಗುತ್ತದೆಯೇ ಎಂದು ನೋಡುತ್ತಿದ್ದರು. ಗೇರ್ ಚಕ್ರದ ಹಲ್ಲು ಸವೆದಿದೆ, ಕಡ್ಡಿಯನ್ನು ತಡೆದು ನಿಲ್ಲಿಸುವ ಸ್ಪ್ರಿಂಗು ಸತ್ತಿದೆ, ಸಾಮಾನು ಬೆಂಗಳೂರಿನಿಂದ ಬರಬೇಕು ಎನ್ನುತ್ತಿದ್ದರು. ಎರಡು ವರ್ಷ ಕಳೆದರೂ ಸಾಮಾನು ಬರಲಿಲ್ಲ. ಕೊನೆಗೆ ನಾನು ಜೀಪನ್ನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಒಯ್ದೆ. ಅವರು ಗೇರ್‌ಬಾಕ್ಸನ್ನು ಇಳಿಸಿ, ಬಿಚ್ಚಿ, ಎರಡೇ ದಿನದಲ್ಲಿ ಸರಿಮಾಡಿ ಕೊಟ್ಟರು.

ಮಾರನೆಯ ದಿನ ಅಪ್ಪ ಎಂದಿನಂತೆ ಕುಲಾವಿಯ ಮೇಲೆ ಕೈಯಿಟ್ಟು ಕೂತರು. ಇಳಿಜಾರಿನಲ್ಲಿ ಕಾಲೆತ್ತಿದೆ. ಕಡ್ಡಿ ಅಲುಗಲಿಲ್ಲ. ಅವರು ಇನ್ನೊಂದು ಇಳಿಜಾರಿನವರೆಗೆ ಕಾದು, ಕೈ ತೆಗೆದು, ತೊಡೆಯ ಮೇಲೆ ಇಟ್ಟುಕೊಂಡರು.

"ಗಟ್ಟಿಯಾಯ್ತು ಬುಡು," ಎಂದರು.

ಆ ಸಂಜೆ ಕುಲಾವಿಯನ್ನು ಬಿಚ್ಚಿ, ಒಗೆಯುವ ಬಟ್ಟೆಗಳ ಜೊತೆ ಹಾಕಿದರು. ಮರುದಿನ ಬೂಟು ತೊಡಲಿಲ್ಲ. ಟೀ ಅಂಗಡಿಯವರು ಕಾಯುತ್ತಾರೆ, ಬನ್ನಿ ಎಂದೆ. "ನೀನ್ ಹೋಗ್ಬಾ. ನಾನ್ ಬಂದೇನ್ ಮಾಡ್ಲಿ?" ಕೋಪವಿರಲಿಲ್ಲ ದನಿಯಲ್ಲಿ. ಆಮೇಲೆ ಎರಡು ವರ್ಷ ಬದುಕಿದ್ದರು. ಜೀಪು ಹತ್ತಿದ್ದು ಎರಡು ಸಲ, ಎರಡೂ ಸಲ ಕಣ್ಣಿನ ಡಾಕ್ಟರಲ್ಲಿಗೆ. ಎರಡೂ ಸಲ ಕೈ ಕಡ್ಡಿಯ ಕಡೆಗೆ ಹೋಗಿ, ಅರ್ಧ ದಾರಿಯಲ್ಲಿ ನಿಂತು, ಹಿಂತಿರುಗಿತು.

ಈ ಕಥೆಯನ್ನು ನಾನು ಅನೇಕರಿಗೆ ಹೇಳಿದ್ದೇನೆ, ಕೊನೆಯಲ್ಲಿ ಒಂದು ಪ್ರಸಂಗವನ್ನೂ ಸೇರಿಸಿ. ರಿಪೇರಿಯಾದ ಮೇಲೆ ಬಾಷಾ ಸಾಬರ ಶೆಡ್ಡಿಗೆ ಹೋಗಿ, ನಿಮ್ಮ ಕೈಲಾಗದ್ದು ಎರಡು ದಿನದಲ್ಲಿ ಆಯಿತು ನೋಡಿ ಎಂದು ಹಂಗಿಸಿದೆನಂತೆ. ಅವರು ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದರಂತೆ:

"ಸ್ಪ್ರಿಂಗು ನಮ್ ಡಬ್ಬಿಲೇ ಐತೆ ಸಾರ್, ಎರಡ್ ವರ್ಷದಿಂದ. ಹಾಕ್ಬೇಡ ಅಂದಿದ್ದು ನಿಮ್ಮಪ್ಪಾರು. ಅದೊಂದೇ ಕೆಲ್ಸ ಸಾಬಿ ನಂಗೆ ಉಳ್ದಿರೋದು ಅಂದ್ರು."

ಕೇಳಿದವರು ನಿಟ್ಟುಸಿರಿಟ್ಟು, ಪಾಪ, ನಿಮಗೆ ಗೊತ್ತಿರಲಿಲ್ಲವಲ್ಲ ಎನ್ನುತ್ತಾರೆ. ಆ ಸಾಂತ್ವನದ ನೆರಳಲ್ಲಿ ಬಹಳ ವರ್ಷ ಕೂತಿದ್ದೇನೆ, ಗೆಳೆಯರೇ.

ಮೊನ್ನೆ ಇದನ್ನು ಬರೆಯಲು ಹೊರಟು, ತಿಂಗಳು ವಾರಗಳು ತಪ್ಪಬಾರದೆಂದು ಆ ವರ್ಷದ ಡೈರಿ ತೆಗೆದೆ. ನನ್ನದೇ ದುಂಡಕ್ಷರ: 'ಆಯಿಲ್ ಬದಲಿಸಿದ್ದಾಯಿತು. ಬಾಷಾ ಸಾಬರು ಇಂದು ಗುಟ್ಟು ಬಿಟ್ಟರು. ರಿಪೇರಿ ತಡೆದವರು ಅಪ್ಪನೇ.' ಅದಾದ ಒಂಬತ್ತು ಪುಟಗಳ ನಂತರ: 'ಅಂತರಸನಹಳ್ಳಿ. ಗೇರ್‌ಬಾಕ್ಸ್ ಬಿಚ್ಚಿಸಿದೆ. ಇನ್ನು ಒಬ್ಬನೇ ಓಡಿಸಬಹುದು.'

ಒಂಬತ್ತು ದಿನ ಗೊತ್ತಿತ್ತು. ಆ ಒಂಬತ್ತು ದಿನವೂ ಪಕ್ಕದಲ್ಲಿ ಆ ಕೈ ಇತ್ತು. ಎರಡು ಪುಟಗಳನ್ನು ಹಿಂದುಮುಂದು ಮಾಡಿದ್ದು ಯಾವಾಗ, ಯಾರಿಗೆ ಮೊದಲ ಸಲ ಹೇಳುವಾಗ, ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಸುಳ್ಳು ಹೇಳಿದ ನೆನಪು ಒಂದೂ ಇಲ್ಲ; ಸವೆದ ಹಲ್ಲಿನ ಮೇಲೆ ನೆನಪು ತಾನಾಗಿ ಜಾರಿ ಸುಖವಾದ ಕಡೆಗೆ ಹೋಗಿ ನಿಂತಿದೆ, ಅಷ್ಟೇ. ಅಷ್ಟೇ ಎಂದು ಬರೆದ ಮೇಲೆ ಆ ಪದವನ್ನೂ ಅನುಮಾನದಿಂದ ನೋಡುತ್ತಿದ್ದೇನೆ.

ಕುಲಾವಿ ಇಷ್ಟು ವರ್ಷ ಡೈರಿಗಳ ಮೇಲಿತ್ತು, ಅಪ್ಪನ ಪ್ರೀತಿಯ ಗುರುತು ಎಂಬಂತೆ. ಈಗ ಅದನ್ನು ಆ ಎರಡು ಪುಟಗಳ ನಡುವೆ ಇಟ್ಟಿದ್ದೇನೆ. ಒಳಗಿನ ಹತ್ತಿಯಿಂದಾಗಿ ಡೈರಿ ಮುಚ್ಚುವುದಿಲ್ಲ. ಅಂಗೈಯಿಂದ ಒತ್ತಿ ಹಿಡಿದರೆ ಮುಚ್ಚಿಕೊಂಡಿರುತ್ತದೆ. ಕೈ ತೆಗೆದೊಡನೆ ಮತ್ತೆ ತೆರೆದುಕೊಳ್ಳುತ್ತದೆ.